ಇಲ್ಲದ ಐಬು

ಚಿತ್ರದುರ್ಗದ ದೊಡ್ಡಪೇಟೆಯ ಹಿಂದಿನ ಓಣಿಯಲ್ಲಿ ಮುಝಫರ್‌ನ ಮನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂಗಡಿ ಅಂದರೆ ಬೋರ್ಡಿಲ್ಲ, ಗಲ್ಲಾಪೆಟ್ಟಿಗೆಯಿಲ್ಲ. ಒಂದು ಕಂಪ್ಯೂಟರು, ಡುಬ್ಬದ ಹಳೇ ಟಿ.ವಿ. ಎರಡು, ಗೋಡೆಯುದ್ದಕ್ಕೂ ಹಲಗೆ. ಹಲಗೆಯ ತುಂಬ ಬೇರೆ ದೇಶಗಳಿಂದ ಬಂದ ಹಳೇ ವಿಡಿಯೊ ಗೇಮುಗಳ ಡಬ್ಬಿಗಳು. ಅದೇನು ವ್ಯಾಪಾರ ಅಂತ ಓಣಿಯವರಿಗೆ ಇವತ್ತಿಗೂ ಅರ್ಥವಾಗಿಲ್ಲ. ನಲವತ್ತಾರು ವರ್ಷದ ಗಂಡಸು ಮಕ್ಕಳ ಆಟದ ಸಾಮಾನು ಮುಂದಿಟ್ಟುಕೊಂಡು ಕೂತಿದ್ದಾನೆ ಅನ್ನುತ್ತಾರೆ. ಅನ್ನಲಿ ಬಿಡು ಅಂತ ಅವನೂ ಇದ್ದ.

ಅವನ ಅಪ್ಪ ದಿಲಾವರ್ ಸಾಹೇಬರದು ಕುರಿ ಚರ್ಮದ ಮಂಡಿ. ಸುತ್ತಲ ಹಳ್ಳಿಗಳ ಕುರಿಗಾರರು ಉಪ್ಪು ಹಾಕಿ ಮಡಚಿದ ಚರ್ಮವನ್ನು ಗೋಣಿಚೀಲದಲ್ಲಿ ಹೊತ್ತು ತರುತ್ತಿದ್ದರು. ಸಾಹೇಬರು ಚರ್ಮವನ್ನು ಕಲ್ಲುಚಪ್ಪಡಿಯ ಮೇಲೆ ಹರಡಿ, ಅಂಗೈ ಆಡಿಸಿ, ಮೊದಲು ಐಬು ಹೇಳುತ್ತಿದ್ದರು. ಇಲ್ಲಿ ಚಾಕು ತಾಗೈತೆ, ಬೆನ್ನಿಗೆ ಉಪ್ಪು ಸಾಲದು, ಕೂದಲು ಉದುರ್ತೈತೆ, ಇದು ಎರಡನೇ ನಂಬರು. ಐಬು ಇದ್ದರೂ ಹೇಳಬೇಕು, ಇಲ್ಲದಿದ್ದರೂ ಹೇಳಬೇಕು. ತಂದವರು ಮನೆದೇವರ ಮೇಲೆ ಆಣೆ ಹಾಕಿ ಒಂದನೇ ನಂಬರು ಅನ್ನಬೇಕು. ನಡುವೆ ಒಂದು ಚಹಾ. ಆಮೇಲೆ ಇಬ್ಬರೂ ಒಂದೊಂದು ಹೆಜ್ಜೆ ಬಿಟ್ಟುಕೊಟ್ಟು ಮುಗಿಸಬೇಕು. ಐಬು ಹೇಳದೆ ಕೊಂಡುಬಿಟ್ಟರೆ ಮಾರಿದವನಿಗೇ ಸಮಾಧಾನವಿಲ್ಲ. ಕಡಿಮೆಗೆ ಕೊಟ್ಟೆನೇನೋ ಅಂತ ದಾರಿಯುದ್ದಕ್ಕೂ ಕೊರಗುತ್ತಾನೆ. ಮಂಡಿಯಲ್ಲಿ ಇದನ್ನು ಸುಳ್ಳು ಅಂತ ಯಾರೂ ಕರೆಯುತ್ತಿರಲಿಲ್ಲ. ಮಾತಿನ ರೀತಿ ಅನ್ನುತ್ತಿದ್ದರು. ಮುಝಫರ್ ಹತ್ತನೇ ವಯಸ್ಸಿಗೆ ಆ ಅಂಗೈಯನ್ನೂ ಆ ನಾಲಿಗೆಯನ್ನೂ ಒಟ್ಟಿಗೇ ಕಲಿತ.

ಆಮೇಲೆ ಚರ್ಮಕ್ಕೆ ಬೆಲೆಯೇ ಹೋಯಿತು. ಕಸಾಯಿಖಾನೆಯವರು ಚರ್ಮವನ್ನು ತಿಪ್ಪೆಗೆ ಎಸೆಯುವ ಕಾಲ ಬಂತು. ಮಂಡಿ ಮುಚ್ಚಿದಾಗ ಮನವಿಪತ್ರ ಹಿಡಿದು ಡಿ.ಸಿ. ಆಫೀಸಿಗೆ ಹೋದವರು ಯಾರೂ ಇಲ್ಲ. ಚರ್ಮದವರ ಪರವಾಗಿ ಧರಣಿ ಕೂರಲು ಯಾವ ಪಕ್ಷಕ್ಕೂ ಮೂಗಿರಲಿಲ್ಲ. ಸಾಹೇಬರು ತೀರಿಕೊಂಡ ಮೇಲೆ ಮುಝಫರ್ ಮೆದೇಹಳ್ಳಿ ರಸ್ತೆಯಲ್ಲಿ ವಿಡಿಯೊ ಗೇಮ್ ಅಂಗಡಿ ಇಟ್ಟ. ಕಾಲೇಜು ಹುಡುಗರು ಗಂಟೆ ಲೆಕ್ಕದಲ್ಲಿ ಆಡಿ ಹೋಗುತ್ತಿದ್ದರು. ಎಲ್ಲರ ಜೇಬಿಗೂ ಫೋನು ಬಂದಾಗ ಅದೂ ಮುಚ್ಚಿತು. ಮಷೀನುಗಳನ್ನು ಗುಜರಿಗೆ ಹಾಕಲು ಹೊರಟಾಗ ಬೆಂಗಳೂರಿನ ಒಬ್ಬ ಬಂದು, ಮಷೀನು ಬಿಟ್ಟು ಹಳೇ ಡಿಸ್ಕುಗಳನ್ನಷ್ಟೇ ಆರಿಸಿಕೊಂಡು, ಕೇಳಿದಷ್ಟು ಕೊಟ್ಟು ಹೋದ. ಚಿಕ್ಕಂದಿನಲ್ಲಿ ಆಡಿದ್ದನ್ನು ದೊಡ್ಡವರಾದ ಮೇಲೆ ಕೊಂಡು ಕಪಾಟಿನಲ್ಲಿ ಇಟ್ಟುಕೊಳ್ಳುವ ಗಂಡಸರು ದೇಶದ ತುಂಬ ಇದ್ದಾರೆ ಅಂತ ಮುಝಫರ್‌ಗೆ ಗೊತ್ತಾಗಿದ್ದು ಆಗ. ಅಲ್ಲಿಂದ ಹೊರದೇಶದ ಮಾರಾಟಗಾರರಿಂದ ತರಿಸಿ, ನೋಡಿ, ತೊಳೆದು, ಇಲ್ಲಿಯವರಿಗೆ ಕೊಡುವುದೇ ಕಸುಬಾಯಿತು.

ಈ ಕಸುಬಿನಲ್ಲಿ ಸಾಮಾನು ಕಣ್ಣಿಗೆ ಬೀಳುವ ಮೊದಲೇ ಕೊಳ್ಳಬೇಕು. ಮಾರುವವನು ‘ಲೈಕ್ ನ್ಯೂ’, ‘ವೆರಿ ಗುಡ್’, ‘ಗುಡ್’, ‘ಅಕ್ಸೆಪ್ಟಬಲ್’, ‘ಜಂಕ್’ ಅಂತ ಒಂದು ದರ್ಜೆ ಬರೆದಿರುತ್ತಾನೆ. ಆ ದರ್ಜೆಯನ್ನು ಬರೆದವನ ಮುಖ ನೋಡದೆ ಅಳೆಯಬೇಕು. ಒಬ್ಬನ ‘ವೆರಿ ಗುಡ್’ ಅಂದರೆ ಡಬ್ಬಿಯ ಮೇಲೆ ಹಳೇ ಅಂಗಡಿಯ ಚೀಟಿ, ಒಳಗೆ ಮಕ್ಕಳ ಉಗುರು ಆಡಿದ ಡಿಸ್ಕು. ಇನ್ನೊಬ್ಬನ ‘ಜಂಕ್’ ಅಂದರೆ ಕೆಟ್ಟಿದೆ ಅಂತಲ್ಲ, ಹಾಕಿ ನೋಡಿಲ್ಲ, ನನ್ನ ಜವಾಬ್ದಾರಿಯಲ್ಲ ಅಂತ ಅಷ್ಟೇ. ಗೀರು ನಡುವಿನಿಂದ ಅಂಚಿಗೆ ನೇರ ಓಡಿದ್ದರೆ ಡಿಸ್ಕು ಸಾಮಾನ್ಯವಾಗಿ ನಡೆಯುತ್ತದೆ, ಬಳೆಯಂತೆ ದುಂಡಗೆ ಸುತ್ತಿದ್ದರೆ ಕೈಕೊಡುತ್ತದೆ. ಹತ್ತು ಫೋಟೊ ಹಾಕಿದವನು ಡಿಸ್ಕಿನ ಹೊಟ್ಟೆಯನ್ನು, ಆ ಹೊಳೆಯುವ ಮಗ್ಗುಲನ್ನು, ಒಂದರಲ್ಲೂ ತೋರಿಸಿಲ್ಲ ಅಂದರೆ ಅವನನ್ನು ಬಿಟ್ಟು ಮುಂದಕ್ಕೆ ಹೋಗಬೇಕು. ಹೀಗೆ ಹಳೇ ಆಟ ಕೊಳ್ಳುವವರು ನಾನೂರು ಜನ ಸೇರಿದ ಒಂದು ವಾಟ್ಸಾಪ್ ಗುಂಪಿತ್ತು. ಯಾರು ಏನು ಕೊಳ್ಳುವುದಿದ್ದರೂ ಮೊದಲ ಪ್ರಶ್ನೆ, “ಮುಝಫರ್ ಭಾಯ್ ನೋಡಿದಾರಾ?” ಅವನು ನೋಡಿ ‘ಗುಡ್’ ಅಂದರೆ ಗುಡ್. ಆ ಮಾತಿಗಿದ್ದ ತೂಕ ಅವನಿಗೆ ಇದ್ದ ಒಂದೇ ಆಸ್ತಿ.

ಜಪಾನಿನ ಯಾವುದೋ ಸಣ್ಣ ಊರಿನಲ್ಲಿ ಒಬ್ಬ ಮುದುಕನಿದ್ದ. ಒಂದು ಕಾಲಕ್ಕೆ ಅಂಗಡಿ ಇಟ್ಟು, ಈಗ ಉಳಿದ ಸರಕನ್ನು ಮನೆಯಿಂದಲೇ ಮಾರುವವನು. ಅವನು ಐಬು ಬರೆಯುವ ರೀತಿ ನೋಡಿ ಗುಂಪಿನವರು ನಗುತ್ತಿದ್ದರು. ಡಬ್ಬಿಯ ಕೆಳಗಿನ ಎಡಮೂಲೆಯಲ್ಲಿ ಅರ್ಧ ಅಕ್ಕಿಕಾಳಿನಷ್ಟು ತಗ್ಗು. ಪುಸ್ತಿಕೆಗೆ ಕಪಾಟಿನ ವಾಸನೆ. ಮುಝಫರ್ ಅವನಿಂದ ಮೂರು ಸಲ ತರಿಸಿದ್ದ. ಮೂರು ಸಲವೂ ಬರೆದದ್ದಕ್ಕಿಂತ ಚೆನ್ನಾಗಿದ್ದದ್ದೇ ಬಂದಿತ್ತು.

ನಾಲ್ಕನೆಯದನ್ನು ತರಿಸಿದ್ದು ದುರ್ಗೇಶನಿಗಾಗಿ. ದುರ್ಗೇಶ ಹೊಳಲ್ಕೆರೆಯವನು, ಹೊಳಲ್ಕೆರೆ–ಚಿತ್ರದುರ್ಗ ಖಾಸಗಿ ಬಸ್ಸಿನ ಕಂಡಕ್ಟರು. ಮೆದೇಹಳ್ಳಿ ರಸ್ತೆಯ ಅಂಗಡಿಯಲ್ಲಿ ಕಾಲೇಜಿಗೆ ಚಕ್ಕರ್ ಹೊಡೆದು ಆಡಿದ ಒಂದು ರೇಸಿನ ಆಟ ಅವನಿಗೆ ಬೇಕಿತ್ತು. ಮುದುಕ ‘ವೆರಿ ಗುಡ್’ ಅಂತ ಬರೆದಿದ್ದ. ಪಾರ್ಸೆಲ್ ಬಂದ ದಿನ ಮುಝಫರ್ ಡಿಸ್ಕನ್ನು ಬಾಗಿಲ ಬಿಸಿಲಿಗೆ ಹಿಡಿದ. ಒಂದು ಗೆರೆಯಿಲ್ಲ. ನಡುತೂತಿನ ಸುತ್ತ ಬಿರುಕಿಲ್ಲ. ಡಬ್ಬಿಯ ಬೆನ್ನಿನ ಬಣ್ಣ ಕೂಡ ಮಾಸಿಲ್ಲ.

ಅದೇ ದಿನ ಬೆಳಿಗ್ಗೆ ಗುಂಪಿನಲ್ಲಿ ಯಾರೋ ಚುಚ್ಚಿದ್ದರು, “ಜಪಾನ್ ತಾತ ಹೇಳಿದ್ದಕ್ಕೆಲ್ಲ ನಮ್ಮ ಭಾಯ್ ತಲೆ ಆಡಿಸ್ತಾರೆ, ಒಂದು ದಿನನೂ ಚೌಕಾಸಿ ಇಲ್ಲ.” ಮಂಡಿಯ ಮಗನಿಗೆ ಅದು ಚರ್ಮಕ್ಕೆ ತಾಗಿತು. ಕೂತು, ಮಾರಾಟದ ಜಾಲತಾಣದ ಮೂಲಕ ಮುದುಕನಿಗೆ ದೂರು ಬರೆದ. ಡಿಸ್ಕಿನ ಹೊಟ್ಟೆಯ ಮೇಲೆ ದುಂಡನೆಯ ಗೀರು ಎರಡಿವೆ. ಡಬ್ಬಿಯ ಮೂಲೆ ಒಡೆದಿದೆ. ಇದು ‘ವೆರಿ ಗುಡ್’ ಅಲ್ಲ, ಬರೀ ‘ಗುಡ್’. ಸ್ವಲ್ಪ ಬಿಟ್ಟುಕೊಡಿ. ಬರೆಯುವಾಗ ಎದೆ ಹೊಡೆದುಕೊಳ್ಳಲಿಲ್ಲ. ಮುದುಕ ಇಲ್ಲ ಅನ್ನುತ್ತಾನೆ, ನಾನು ಹೌದು ಅನ್ನುತ್ತೇನೆ, ಒಂದೊಂದು ಹೆಜ್ಜೆ ಬಿಟ್ಟುಕೊಟ್ಟು ಮುಗಿಸುತ್ತೇವೆ ಅಂತ ಲೆಕ್ಕ.

ಮಾರನೇ ದಿನ ಕಂಪ್ಯೂಟರು ತೆರೆದರೆ ಕೊಟ್ಟ ಹಣ ಪೂರ್ತಿ ವಾಪಸು ಬಂದಿತ್ತು. ಜೊತೆಗೆ ಒಂದು ಕಾಗದ. ಮಷೀನು ಮಾಡಿದ ತರ್ಜುಮೆ, ಆದರೂ ಅರ್ಥಕ್ಕೆ ತೊಂದರೆಯಿರಲಿಲ್ಲ.

‘ಮೂವತ್ತೊಂದು ವರ್ಷದಿಂದ ದರ್ಜೆ ಹಾಕುತ್ತಿದ್ದೇನೆ. ಹೀಗೆ ಹೇಳಿದವರಲ್ಲಿ ನೀವೇ ಮೊದಲಿಗರು. ನನ್ನ ಬಳಿಯಿರುವ ಫೋಟೊಗಳನ್ನು ಭೂತಕನ್ನಡಿ ಹಿಡಿದು ನೋಡಿದೆ. ನೀವು ಹೇಳಿದ ಗೀರುಗಳು ನನಗೆ ಕಾಣಲಿಲ್ಲ. ಅಂದರೆ ನನ್ನ ಕಣ್ಣು ಹೋಗಿದೆ. ಈ ಚಳಿಗಾಲದಿಂದ ಅನುಮಾನವಿತ್ತು, ಒಪ್ಪಿಕೊಳ್ಳಲು ಧೈರ್ಯವಿರಲಿಲ್ಲ. ಗೊತ್ತಿಲ್ಲದೆ ಎಷ್ಟು ಜನಕ್ಕೆ ಮೋಸ ಮಾಡಿದೆನೋ. ಆಟ ನಿಮ್ಮಲ್ಲೇ ಇರಲಿ. ಉಳಿದದ್ದನ್ನೆಲ್ಲ ಈ ತಿಂಗಳ ಕೊನೆಯ ದಿನ ಗುಜರಿಯವನಿಗೆ ಕೊಟ್ಟು ಮುಗಿಸುತ್ತೇನೆ. ನಿಜ ಹೇಳಿದ್ದಕ್ಕೆ ವಂದನೆಗಳು.’

ಮುಝಫರ್ ಅವನ ಪುಟಕ್ಕೆ ಹೋಗಿ ನೋಡಿದ. ಆರುನೂರಕ್ಕೂ ಹೆಚ್ಚು ಆಟಗಳು. ‘ಲೈಕ್ ನ್ಯೂ’ ಇಲ್ಲ, ‘ವೆರಿ ಗುಡ್’ ಇಲ್ಲ. ಪ್ರತಿಯೊಂದರ ಮುಂದೆಯೂ ಒಂದೇ ಮಾತು: ಜಂಕ್, ಮಾರುವವನ ಕಣ್ಣು ನಂಬುವಂತಿಲ್ಲ. ಅವತ್ತು ನಾಲ್ಕನೇ ತಾರೀಖು.

ಮಧ್ಯಾಹ್ನ ದುರ್ಗೇಶ ಬಸ್ಸಿನ ಬಿಡುವಿನಲ್ಲಿ ಬಂದ. ಆಟದ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ಮೂಸಿ ನೋಡಿದ. ಅವನ ಫೋನಿನಲ್ಲೂ ಮುದುಕನ ಪುಟ ತೆರೆದಿತ್ತು.

“ಭಾಯ್, ನಿಮ್ಮ ತಾತಗೆ ತಲೆ ಕೆಟ್ಟೈತೇನು. ಎಲ್ಲ ಜಂಕ್ ಅಂತ ಹಾಕ್ಯಾನೆ.”

“ಹೂಂ. ನೋಡಿದೆ.”

“ಕಣ್ಣು ಹೋತು ಅಂತ ಬರ್ಕಂಡಾನೆ ಪಾಪ. ಆದ್ರೆ ಸಾಮಾನಿಗೇನು ಕಣ್ಣು ಹೋಗೈತಾ? ಗುಜರಿ ರೇಟಿಗೆ ಎಲ್ಲಾ ನಾವೇ ಎತ್ತಿಬಿಡಾಣ. ನಾನು ಚೀಟಿ ಎತ್ತುತೀನಿ, ನೀವು ಅರ್ಧ ಹಾಕ್ರಿ. ಆರುನೂರು ಪೀಸು ಭಾಯ್. ಇಡೀ ದೇಶದಾಗೆ ನಮ್ಮ ಮುಂದೆ ನಿಲ್ಲೋರು ಇರಲ್ಲ.”

“ನೋಡಾಣ,” ಅಂದ ಮುಝಫರ್.

ಅದೇನು ನೋಡುವುದಿತ್ತು? ಆದರೂ ನೋಡಿದ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಕಾಗದ ಓದಿದ ಕೂಡಲೇ ನಿಜ ಬರೆದುಬಿಟ್ಟ ಅಂತ ಹೇಳಿದರೆ ಚೆಂದ ಇರುತ್ತಿತ್ತು, ಆದರೆ ಅದು ನಡೆದದ್ದಲ್ಲ. ಎರಡು ದಿನ ಅವನು ಮುದುಕನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. ಯಾವುದು ಪುಣೆಗೆ, ಯಾವುದು ಕೊಚ್ಚಿಗೆ ಅಂತ ಗುರುತು ಹಾಕಿದ. ‘ನಿಮ್ಮ ತೊಂದರೆ ಅರ್ಥವಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಕೊಡುವುದಾದರೆ ತೆಗೆದುಕೊಳ್ಳಲು ನಾವು ಸಿದ್ಧ’ ಅಂತ ಒಂದು ಕಾಗದ ಬರೆದಿಟ್ಟ. ಕಳಿಸಿರಲಿಲ್ಲ. ಉಪಕಾರ ಮಾಡುವವನ ಧಾಟಿಯಲ್ಲಿ ಬರೆದಿದ್ದ. ಆಮೇಲೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಅನ್ನಿಸಿದ್ದು ಆ ಧಾಟಿ.

ಪಾರ್ಸೆಲ್ ಕಟ್ಟುವವಳು ಹೆಂಡತಿ ನಾಜಿಮಾ. ಹಿರಿಯೂರಿನ ದರ್ಜಿ ಮನೆಯ ಹೆಣ್ಣು. ಅವಳ ಕಣ್ಣು ಗಂಡನದಕ್ಕಿಂತ ಚುರುಕು, ಅದನ್ನು ಅವನು ಹೊರಗೆ ಎಲ್ಲೂ ಹೇಳುವುದಿಲ್ಲ. ಚಹಾ ತಂದಿಟ್ಟವಳು ಪರದೆಯ ಮೇಲೆ ಮುದುಕನ ಕಾಗದ ಓದಿದಳು.

“ಯಾವ ಆಟದ ಮಾತಿದು?”

“ದುರ್ಗೇಶಂದು.”

“ಆ ಡಿಸ್ಕು ಒರೆಸಿ ಡಬ್ಬಿಗೆ ಹಾಕಿದೋಳು ನಾನು. ಯಾವ ಗೀರು?”

ಮುಝಫರ್ ಚಹಾದ ಲೋಟ ಎತ್ತಿಕೊಂಡ.

“ಯಾವ ಗೀರು ಅಂತ ಕೇಳ್ತಿದೀನಿ.”

“ವ್ಯಾಪಾರದಾಗೆ ಒಂದು ಮಾತು ಹೇಳ್ತಾರೆ ಕಣೆ. ಅವನು ಹಂಗೆ ಎದೆಗೆ ಹಾಕ್ಯಂತಾನೆ ಅಂತ ನಂಗೇನು ಗೊತ್ತು?”

ನಾಜಿಮಾ ಕೆಳಗಿನ ಕಾಗದವನ್ನೂ ಓದಿದಳು, ಅವನು ಬರೆದಿಟ್ಟದ್ದನ್ನು.

“ಮೊದ್ಲು ಅವನ ಕಣ್ಣು ಕಿತ್ರಿ. ಈಗ ಮನೆ ಗುಡಿಸ್ಕಂಬರಾಕೆ ಹೊಂಟೀರಿ,” ಅಂದಳು. ದನಿ ಏರಿಸಲಿಲ್ಲ. ಲೋಟ ಖಾಲಿಯಾಗುವ ತನಕ ನಿಂತಿದ್ದು ಅದನ್ನು ತೆಗೆದುಕೊಂಡು ಒಳಗೆ ಹೋದಳು.

ಮನೆಯಲ್ಲಿ ಕೂರಲಾಗದೆ ಮಾರನೇ ಬೆಳಿಗ್ಗೆ ಮುಝಫರ್ ಬೈಕು ಹತ್ತಿ ಮದಕರಿಪುರಕ್ಕೆ ಹೋದ. ಅಲ್ಲಿ ಕುರಿಗಾರರ ಮನೆಯ ಮಲ್ಲಕ್ಕ ಇದ್ದಾಳೆ. ಎಂಬತ್ತರ ಹತ್ತಿರದ ಮುದುಕಿ. ಮೂವತ್ತು ವರ್ಷ ಅವನ ಅಪ್ಪನ ಮಂಡಿಗೆ ಚರ್ಮ ಹೊತ್ತು ತಂದವಳು. ಐಬು ಹೇಳುವುದು ಬರೀ ಮಾತಿನ ರೀತಿ ಅಂತ ಅವಳ ಬಾಯಿಂದ ಒಂದು ಸಲ ಕೇಳಿಸಿಕೊಂಡರೆ ಸಾಕು, ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಅಂತ ಅವನ ಆಸೆ.

ಮಲ್ಲಕ್ಕ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಸಾಬರ ಮಗ ಅಲ್ಲೇನಪ್ಪ. ಬಾ ಕುಂತ್ಕ. ಚರ್ಮ ಕೇಳಾಕೆ ಬಂದ್ಯಾ? ಈಗೆಲ್ಲಾ ನಾಯಿ ಎಳ್ಕಂಡು ಹೋಗ್ತಾವೆ.”

“ಚರ್ಮಕ್ಕಲ್ಲ ಮಲ್ಲಕ್ಕ. ಒಂದು ಕೇಳಬೇಕಿತ್ತು. ನಮ್ಮಪ್ಪ ನಿನ್ನ ಚರ್ಮಕ್ಕೆ ಎರಡನೇ ನಂಬರು ಅಂತಿದ್ರಲ್ಲ…”

“ಪ್ರತಿ ಸಲ ಅಂತಿದ್ದ. ಉಪ್ಪು ಸಾಲದು, ಉಪ್ಪು ಸಾಲದು. ಬೇರೆ ಮಾತೇ ಬರ್ತಿರ್ಲಿಲ್ಲ ಅವನ ಬಾಯಾಗೆ.” ನಕ್ಕಳು.

“ಅದು ಬರೀ ಮಾತು ಅಂತ ನಿಂಗೆ ಗೊತ್ತಿತ್ತಲ್ಲ?”

“ಗೊತ್ತಿರ್ದೆ ಏನು. ನಾನೇನು ಎಳೇ ಮಗುವಾ?”

ಮುಝಫರ್ ಉಸಿರು ಬಿಟ್ಟ. ಮಲ್ಲಕ್ಕ ಒಂದು ಕಾಯಿ ಸೀಳಿ ಕಾಳು ಮೊರಕ್ಕೆ ಉದುರಿಸಿ, ಸಿಪ್ಪೆಯನ್ನು ಮೇಕೆಯ ಕಡೆ ಎಸೆದಳು.

“ಗೊತ್ತಿದ್ರೂ ಮನೆಗೆ ಬಂದು ಇನ್ನೊಂದು ಹಿಡಿ ಉಪ್ಪು ಹಾಕ್ತಿದ್ದೆ ಕಣಪ್ಪ. ಅಂಗೈ ಒಡೆದು ಉರೀತಿತ್ತು. ನಮ್ಮತ್ತೆ ಬೈಯೋಳು, ಸಾಕು ಬಿಡೇ ಅಂತ. ಬಿಡಾಕೆ ಆಗ್ತಿರ್ಲಿಲ್ಲ. ಅವನು ಆಟಕ್ಕೆ ಅಂತಾನೆ ಅಂತ ಗೊತ್ತು, ಆದ್ರೂ ಒಂದು ಸಲ ದಿಟ ಇದ್ದೀತೇನೋ ಅನ್ಸೋದು.” ಅವಳು ತಲೆಯೆತ್ತಿ ನೋಡಿದಳು. “ಯಾಕಪ್ಪ, ಮುಖ ಹಂಗ್ಯಾಕೆ ಆತು? ನೀರು ಕುಡಿ.”

ಅವನು ನೀರು ಕುಡಿದು ಎದ್ದ. ಬೈಕು ತಿರುಗಿಸುವಾಗ ಆಟ ತಿಳಿದವಳಿಗೇ ಹೀಗಾಗಿತ್ತು, ತಿಳಿಯದವನ ಗತಿ ಏನು ಅನ್ನುವುದೊಂದೇ ತಲೆಯಲ್ಲಿತ್ತು.

ಅವತ್ತೇ ಜಪಾನಿನ ಮುದುಕನಿಗೆ ಬರೆದ. ಗೀರು ಇರಲಿಲ್ಲ. ಡಬ್ಬಿ ಒಡೆದಿರಲಿಲ್ಲ. ನಾನು ಹೇಳಿದ್ದು ಸುಳ್ಳು. ನಮ್ಮ ಕಡೆ ಕೊಳ್ಳುವವರು ಹಾಗೆ ಹೇಳುತ್ತಾರೆ, ನಾನೂ ಹೇಳಿದೆ. ನಿಮ್ಮ ಕಣ್ಣು ಸರಿಯಿದೆ. ಬರೆದು ಓದಿದ. ‘ನಮ್ಮ ಕಡೆ ಹಾಗೆ ಹೇಳುತ್ತಾರೆ’ ಅನ್ನುವುದನ್ನು ಹೊಡೆದುಹಾಕಿ ಕಳಿಸಿದ.

ಒಂಬತ್ತನೇ ತಾರೀಖು ಉತ್ತರ ಬಂತು. ‘ನೀವು ಕರುಣೆಯುಳ್ಳವರು. ಒಬ್ಬ ಮುದುಕನ ಮನಸ್ಸು ನೋಯಬಾರದು ಅಂತ ತಪ್ಪನ್ನು ನಿಮ್ಮ ಮೇಲೆ ಎಳೆದುಕೊಳ್ಳುತ್ತಿದ್ದೀರಿ. ಈ ಒಳ್ಳೆಯತನ ಮರೆಯುವುದಿಲ್ಲ. ಆದರೆ ಕಣ್ಣಿನ ವಿಷಯದಲ್ಲಿ ನನ್ನನ್ನು ನಾನು ಮೋಸಗೊಳಿಸಿಕೊಳ್ಳಲಾರೆ. ಗುಜರಿಯವನಿಗೆ ಹೇಳಿಯಾಗಿದೆ.’

ಸುಳ್ಳನ್ನು ಒಂದೇ ಓದಿಗೆ ನಂಬಿದ ಮನುಷ್ಯ ನಿಜವನ್ನು ನಂಬಲಿಲ್ಲ. ಮುಝಫರ್‌ಗೆ ಅವನು ಹಲ್ಲು ಕಡಿದು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕರುಣೆಯುಳ್ಳವನು ಅನ್ನಿಸಿಕೊಂಡದ್ದು ಕಪಾಳಕ್ಕೆ ಬಿದ್ದ ಹಾಗಾಯಿತು. ಇನ್ನು ಕಾಗದದಿಂದ ಆಗುವುದಿಲ್ಲ. ಆ ಡಿಸ್ಕೇ ಮುದುಕನ ಕೈಗೆ ಹೋಗಬೇಕು. ಅದು ಈಗ ದುರ್ಗೇಶನ ಕಪಾಟಿನಲ್ಲಿತ್ತು.

ಹೊಳಲ್ಕೆರೆ ಬಸ್ಸು ಹತ್ತಿದ. ದುರ್ಗೇಶ ಬಾಗಿಲಲ್ಲಿ ನೇತಾಡುತ್ತ ಟಿಕೆಟು ಹರಿಯುತ್ತಿದ್ದ.

“ಓಹೋ ಭಾಯ್, ಬರ್ರಿ ಬರ್ರಿ. ಆರುನೂರಕ್ಕೂ ಜಾಗ ಮಾಡೀನಿ, ನಮ್ಮನೆ ಅಟ್ಟ ಖಾಲಿ ಮಾಡಿಸೀನಿ.”

“ಆ ರೇಸಿನ ಆಟ ವಾಪಸು ಬೇಕು ದುರ್ಗೇಶ.”

“ಯಾಕ್ರಿ? ಐಬಾ?”

“ಅದಕ್ಕಿಲ್ಲ. ನಂಗೈತೆ.” ಹೇಳಿದ, ಎಲ್ಲವನ್ನೂ. ಬಸ್ಸಿನ ಸದ್ದಿನಲ್ಲಿ ದನಿ ಏರಿಸಿಯೇ ಹೇಳಬೇಕಾಯಿತು. ಹಿಂದಿನ ಸೀಟಿನ ಇಬ್ಬರು ಕಿವಿಗೊಟ್ಟು ಕೇಳಿದರು.

ದುರ್ಗೇಶ ಟಿಕೆಟಿನ ಕಟ್ಟನ್ನು ಬೆರಳಿನಿಂದ ಸವರಿದ. “ಅಲ್ಲ ಭಾಯ್, ನಾನು ಪೆದ್ದನಂಗೆ ನಿಮ್ಮ ಮುಂದೆ ಕುಂತು ಅವನಿಗೆ ಪಾಪ ಅಂತಿದ್ದೆ. ನೀವು ‘ನೋಡಾಣ’ ಅಂದ್ರಿ.”

“ಅಂದೆ.”

“ನಂಗೂ ಕೊಟ್ಟೀರಲ್ಲ ಎಷ್ಟೊಂದು ಡಿಸ್ಕು. ಅದಕ್ಕೆಲ್ಲ ಹೇಳಿದ್ದು ದಿಟನಾ?”

ಈ ಪ್ರಶ್ನೆ ಬರುತ್ತದೆ ಅಂತ ಮುಝಫರ್ ಯೋಚಿಸಿಯೇ ಇರಲಿಲ್ಲ. ದಿಟ ಅಂದ. ಅದು ದಿಟವೇ ಆಗಿತ್ತು. ಆದರೆ ದುರ್ಗೇಶ ಅವನ ಮುಖ ನೋಡಲಿಲ್ಲ. ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ಹೋಗಿ ಡಬ್ಬಿ ತಂದು ಕೈಗಿಟ್ಟ. ಚಹಾಕ್ಕೆ ಕರೆಯಲಿಲ್ಲ.

ಡಬ್ಬಿ ಹತ್ತನೇ ತಾರೀಖು ಜಪಾನಿಗೆ ಹೋಯಿತು. ‘ನಿಮ್ಮ ಕಣ್ಣಿಗೆ ಬೇಡ, ನೀವು ನಂಬುವ ಬೇರೆಯವರ ಕಣ್ಣಿಗೆ ತೋರಿಸಿ ನೋಡಿ’ ಅಂತ ಒಳಗೆ ಒಂದು ಚೀಟಿ. ಅವತ್ತೇ ಮುಝಫರ್ ಮಾರಾಟದ ಜಾಲತಾಣದವರಿಗೂ ತಾನು ಸುಳ್ಳು ದೂರು ಕೊಟ್ಟಿದ್ದಾಗಿ ಬರೆದ. ನಾನೂರು ಜನರ ಗುಂಪಿನಲ್ಲೂ ಬರೆದ. ಜಾಲತಾಣದವರು ಎರಡೇ ದಿನಕ್ಕೆ ಅವನ ಖಾತೆ ಮುಚ್ಚಿದರು. ಗುಂಪಿನವರು ಅಷ್ಟು ನಿಯತ್ತಿನವರಲ್ಲ. ಕೆಲವರು ಇಷ್ಟಕ್ಕೆಲ್ಲ ಏನು ಭಾಯ್ ಅಂದರು. ಕೆಲವರು ಹಳೇ ಡಿಸ್ಕುಗಳ ಫೋಟೊ ಹಾಕಿ ಇದಕ್ಕೂ ಸುಳ್ಳೇ ಹೇಳಿದ್ರಾ ಅಂದರು. ಪುಣೆಯ ಒಬ್ಬ ಮುಂಗಡ ವಾಪಸು ಕೇಳಿದ. ‘ಮುಝಫರ್ ಭಾಯ್ ನೋಡಿದಾರಾ’ ಅನ್ನುವ ಪ್ರಶ್ನೆ ನಿಂತುಹೋಯಿತು. ಓಣಿಯವರಿಗೆ ವಿಷಯ ಗೊತ್ತಾಗಲಿಲ್ಲ, ಗೊತ್ತಾದರೂ ಅರ್ಥವಾಗುತ್ತಿರಲಿಲ್ಲ. ಅದೊಂದು ಕೆಟ್ಟ ಸಮಾಧಾನ.

ಇಪ್ಪತ್ತಾರನೇ ತಾರೀಖು ಮುದುಕನ ಕಾಗದ ಬಂತು.

‘ಡಿಸ್ಕನ್ನು ಅಂಚೆಯವನಿಗೆ, ಕನ್ನಡಕದ ಅಂಗಡಿಯವಳಿಗೆ, ಕ್ಷೌರದವನಿಗೆ ತೋರಿಸಿದೆ. ಮೂವರಿಗೂ ಗೀರು ಕಾಣಲಿಲ್ಲ. ಕನ್ನಡಕದವಳು ನನ್ನ ಕಣ್ಣನ್ನೂ ಪರೀಕ್ಷೆ ಮಾಡಿದಳು. ವಯಸ್ಸಿಗೆ ಚೆನ್ನಾಗಿದೆ ಅಂದಳು. ಗುಜರಿಯವನನ್ನು ಬರಬೇಡ ಅಂದಿದ್ದೇನೆ. ಆದರೆ ಒಂದು ತೊಂದರೆ. ಈಗ ಯಾವ ಡಿಸ್ಕು ಎತ್ತಿದರೂ ನೀವು ಹೇಳಿದ ಗೀರನ್ನು ಹುಡುಕುತ್ತೇನೆ. ಇಲ್ಲ ಅಂತ ಗೊತ್ತಿದ್ದೂ ಹುಡುಕುತ್ತೇನೆ. ಮೊದಲಿನ ದರ್ಜೆ ಬರೆಯಲು ಕೈ ಏಳುವುದಿಲ್ಲ. ಆದ್ದರಿಂದ ಎಲ್ಲಕ್ಕೂ ಒಂದು ಮೆಟ್ಟಿಲು ಕಡಿಮೆ ಬರೆದು ಮಾರುತ್ತೇನೆ. ನೀವು ಕಳಿಸಿದ್ದು ನನ್ನ ಬಳಿಯೇ ಇರುತ್ತದೆ.’

ಬೈಗುಳವಿಲ್ಲ, ಕ್ಷಮೆಯೂ ಇಲ್ಲ. ನಾಜಿಮಾ ಓದಿ, “ಅಷ್ಟಾದ್ರೂ ಆತಲ್ಲ,” ಅಂದಳು. ಮುಝಫರ್‌ಗೆ ಅಷ್ಟೇ ಆಯಿತು ಅನ್ನಿಸಿತು.

ಮುದುಕನ ಪುಟ ಮತ್ತೆ ತುಂಬಿತು. ಹೊಸದರಂತಿರುವುದಕ್ಕೆ ‘ವೆರಿ ಗುಡ್’. ವೆರಿ ಗುಡ್ ಆಗಬೇಕಾದದ್ದಕ್ಕೆ ‘ಗುಡ್’. ದರ್ಜೆ ಇಳಿದ ಹಾಗೆ ಬೆಲೆಯೂ ಇಳಿದಿದೆ. ಗುಂಪಿನವರಿಗೆ ಹಬ್ಬ. ದಿನಕ್ಕೊಬ್ಬ ಪಾರ್ಸೆಲ್ ಬಿಚ್ಚಿ ಫೋಟೊ ಹಾಕಿ ಮೆರೆಯುತ್ತಾನೆ. ಮುಝಫರ್‌ಗೆ ಕೊಳ್ಳುವ ಖಾತೆಯಿಲ್ಲ. ಬೇರೆಯವರು ತರಿಸಿದ್ದನ್ನು ತೊಳೆದು ರಿಪೇರಿ ಮಾಡಿಕೊಡುತ್ತಾನೆ. ಡಿಸ್ಕನ್ನು ಬೆಳಕಿಗೆ ಹಿಡಿದು ದರ್ಜೆ ಹೇಳುವವಳು ಈಗ ನಾಜಿಮಾ. ಜನ ಅವಳ ಮಾತನ್ನು ಕೇಳುತ್ತಾರೆ.

ಗುಂಪಿಗೆ ಹೊಸಬರು ಸೇರುತ್ತಲೇ ಇರುತ್ತಾರೆ. ಬಂದವರಿಗೆಲ್ಲ ಒಂದೇ ಅನುಮಾನ. ಇಷ್ಟು ಚೆನ್ನಾಗಿರೋದಕ್ಕೆ ಈ ಜಪಾನ್ ತಾತ ಇಷ್ಟು ಕಡಿಮೆ ದರ್ಜೆ ಯಾಕೆ ಹಾಕ್ತಾನೆ, ಏನಾದರೂ ಮೋಸ ಇದೆಯಾ? ಹಳಬರು ಸುಮ್ಮನಿರುತ್ತಾರೆ. ದುರ್ಗೇಶ ಮಾತ್ರ ಒಂದು ಸಾಲು ಹಾಕುತ್ತಾನೆ, “ಅದನ್ನ ಮುಝಫರ್ ಭಾಯ್‌ನೇ ಕೇಳ್ರಿ.”

ಮುಝಫರ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಮೊದಲಿಂದ ಕೊನೆಯ ತನಕ ಬರೆಯುತ್ತಾನೆ. ಹಿಂದೆ ಬರೆದದ್ದನ್ನೇ ನಕಲು ಮಾಡಿ ಹಾಕಬಹುದು. ಹಾಕುವುದಿಲ್ಲ.